ಹಾಜರಿ ಪಟ್ಟಿಯ ಸಹಿ ಒಪ್ಪಿಗೆಯಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ: ಪರಿಸರ ಮತ್ತು ಹವಾಮಾನದ ಯೋಜನೆಗಳಲ್ಲಿ ಮೂಲನಿವಾಸಿಗಳ ಮಾತು, ತಿಳಿವಳಿಕೆ, ಹಕ್ಕು.

ಪ್ರಶ್ನೆ: ನಮ್ಮ ಸಂಸ್ಥೆ ಕಡಲಂಚಿನ ಮೂಲನಿವಾಸಿ ಸಮುದಾಯವೊಂದರ ಜಾಗದಲ್ಲಿ ಕಾಂಡ್ಲಾ (ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡು ಬೆಳೆಸಲು ಹೊರಟಿದೆ. ‘ಮುಕ್ತ, ಮುಂಚಿತ, ಮಾಹಿತಿಪೂರ್ಣ ಒಪ್ಪಿಗೆ’ಯ ದಾಖಲೆ ಕೊಡಿ ಎಂದು ದಾನಿಗಳು ಕೇಳಿದ್ದಾರೆ. ಎರಡು ಸಭೆ ಮಾಡಿದ್ದೇವೆ, 140 ಜನರ ಸಹಿ ಇದೆ, ಫೋಟೊಗಳೂ ಇವೆ. ಇಷ್ಟು ಸಾಕೆ?

ಸಾಲದು. ಮೊದಲು ಆ ಸಹಿಗಳಿರುವ ಹಾಳೆ ತೆಗೆದು ಮೇಲ್ಭಾಗದಲ್ಲಿ ಏನು ಬರೆದಿದೆ ನೋಡಿ. ‘ಹಾಜರಿ’ ಎಂದಿದ್ದರೆ ಅದು ಜನ ಬಂದಿದ್ದರು ಎಂಬುದಕ್ಕೆ ಸಾಕ್ಷಿಯೇ ಹೊರತು ಒಪ್ಪಿದರು ಎಂಬುದಕ್ಕಲ್ಲ. ಪ್ರಯಾಣ ಭತ್ಯೆಗೆಂದು ಹಾಕಿದ ಸಹಿ ಆರು ತಿಂಗಳ ಮೇಲೆ ವರದಿಯ ಅನುಬಂಧದಲ್ಲಿ ಒಪ್ಪಿಗೆ ಪತ್ರದ ವೇಷ ಹಾಕಿಕೊಂಡು ಬರುವುದು ಈ ಕ್ಷೇತ್ರದ ಹಳೇ ತಕರಾರು. ಮೇಲ್ಭಾಗದಲ್ಲಿ ಏನೂ ಬರೆಯದ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡಿದ್ದರೆ ಅದು ಇನ್ನೂ ಕೆಟ್ಟದ್ದು. ಅದನ್ನು ದಾಖಲೆಯೆಂದು ಕೊಡಲೇಬೇಡಿ.

ಈ ಒಪ್ಪಿಗೆಯ ಮಾತು ದಾನಿಗಳ ಸೃಷ್ಟಿಯಲ್ಲ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿ ಅದಿದೆ. 144 ದೇಶಗಳು ಪರವಾಗಿ, 4 ವಿರುದ್ಧವಾಗಿ ಮತ ಹಾಕಿದವು, 11 ತಟಸ್ಥವಾಗಿದ್ದವು. ವಿರೋಧಿಸಿದ ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಅಮೆರಿಕ ಆಮೇಲೆ ಬೆಂಬಲಿಸಿದವು. ಒಕ್ಕಲೆಬ್ಬಿಸುವುದರ ಬಗ್ಗೆ 10ನೇ ವಿಧಿಯನ್ನೂ, ಅವರ ನೆಲದ ಮೇಲಿನ ಯೋಜನೆಗಳ ಬಗ್ಗೆ 32ನೇ ವಿಧಿಯನ್ನೂ ಓದಿಕೊಳ್ಳಿ. ಘೋಷಣೆ ತಾನಾಗಿ ಕಾನೂನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1989ರ 169ನೇ ಒಡಂಬಡಿಕೆ ಮಾತ್ರ ತನ್ನನ್ನು ಅನುಮೋದಿಸಿದ ದೇಶಗಳನ್ನು ಕಾನೂನಿನ ಪ್ರಕಾರ ಕಟ್ಟಿಹಾಕುತ್ತದೆ.

ಹೆಚ್ಚಿನವರು ಎಡವುವುದು ‘ಮುಂಚಿತ’ ಎಂಬ ಪದದಲ್ಲಿ. ನಕ್ಷೆ ಬರೆದು, ಅನುದಾನ ತಂದು, ನರ್ಸರಿಯಲ್ಲಿ ಸಸಿ ಎಬ್ಬಿಸಿದ ಮೇಲೆ ಕರೆಯುವ ಸಭೆ ತಿಳಿಸುವ ಸಭೆ, ಕೇಳುವ ಸಭೆಯಲ್ಲ. ಕಾಂಡ್ಲಾ ವಿಷಯದಲ್ಲಂತೂ ಇದರ ಫಲ ಕಣ್ಣಿಗೇ ಕಾಣುತ್ತದೆ. ನಕ್ಷೆಯಲ್ಲಿ ಖಾಲಿ ಕಾಣುವ ಜಾಗವೆಂದರೆ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರು ಬಯಲು. ಅಲ್ಲಿ ಒಡೆತನದ ಜಗಳವಿಲ್ಲ, ಸಸಿಗಳ ಲೆಕ್ಕ ಬೇಗ ತುಂಬುತ್ತದೆ. ಆದರೆ ಕಾಂಡ್ಲಾ ಸಹಜವಾಗಿ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲಿನ ಪಟ್ಟಿಯಲ್ಲಿ. ಅದಕ್ಕೂ ಕೆಳಗೆ ನೆಟ್ಟ ಸಸಿ ದಿನದ ಬಹುಪಾಲು ನೀರಿನಡಿ ಇದ್ದು ಉಸಿರುಕಟ್ಟುತ್ತದೆ, ಕಾಂಡಕ್ಕೆ ಚಿಪ್ಪುಹುಳುಗಳು ಮೆತ್ತಿಕೊಂಡು ಭಾರಕ್ಕೆ ಬಾಗುತ್ತದೆ. ಹೆಂಗಸರು ಚಿಪ್ಪು ಆಯುವುದೂ ಎಷ್ಟೋ ಕಡೆ ಅದೇ ಬಯಲಿನಲ್ಲಿ. ಕಾಡು ಮೊದಲು ಎಲ್ಲಿತ್ತು, ಯಾವ ತೋಡು ಮುಚ್ಚಿದ ಮೇಲೆ ಒಣಗಿತು ಎಂಬುದು ಅಲ್ಲಿನವರಿಗೆ ಗೊತ್ತಿರುತ್ತದೆ. ಮುಚ್ಚಿದ ತೋಡನ್ನು ಬಿಡಿಸಿದರೆ ಬೀಜ ತಾನಾಗಿ ತೇಲಿ ಬಂದು ನಾಟಿಕೊಳ್ಳುವ ಜಾಗಗಳೂ ಉಂಟು. ಆಗ ನೆಡುವ ಕೆಲಸವೇ ಇಲ್ಲ. ದಾನಿಗಳಿಗೆ ತೋರಿಸಲು ಸಸಿಗಳ ಸಂಖ್ಯೆಯೂ ಇಲ್ಲ, ಅದು ಬೇರೆ ಮಾತು.

ಹಾಗಾಗಿ ಮತ್ತೆ ಶುರು ಮಾಡಿ. ಮೊದಲ ಪ್ರಶ್ನೆ ‘ಒಪ್ಪುತ್ತೀರಾ’ ಎಂದಲ್ಲ, ‘ಇಂಥದ್ದನ್ನು ನೀವು ಹೇಗೆ ತೀರ್ಮಾನಿಸುತ್ತೀರಿ’ ಎಂದು. ನೋಂದಾಯಿತ ಸಮಿತಿಯೇ ಸಮುದಾಯ ಎಂದುಕೊಳ್ಳಬೇಡಿ; ಅದನ್ನು ಹಿಂದಿನ ಯಾವುದೋ ಯೋಜನೆಗಾಗಿ ಹೊರಗಿನವರೇ ಕಟ್ಟಿರಬಹುದು. ಮಾಹಿತಿಯನ್ನು ಅವರ ಭಾಷೆಯಲ್ಲಿ ಬಾಯಿಮಾತಿನಲ್ಲಿ ಹೇಳಿ, ನೆಲದ ಮೇಲೆ ಗೂಟ ನೆಟ್ಟು ಗಡಿ ತೋರಿಸಿ. ದುಭಾಷಿಯನ್ನು ಅವರೇ ಆರಿಸಲಿ. ಕೆಡುಕನ್ನೂ ಹೇಳಿ: ಎಷ್ಟು ವರ್ಷ ಆ ಬಯಲಿಗೆ ಇಳಿಯುವಂತಿಲ್ಲ, ಸಸಿ ಸತ್ತರೆ ಯಾರು ಹೊಣೆ, ಒಟ್ಟು ಹಣ ಎಷ್ಟು, ಅದರಲ್ಲಿ ನಿಮ್ಮ ಸಂಸ್ಥೆಯ ಸಂಬಳಕ್ಕೆ ಎಷ್ಟು. ಇದನ್ನು ಹೇಳಲು ಮುಜುಗರವಾದರೆ ಯೋಜನೆಯನ್ನೇ ಇನ್ನೊಮ್ಮೆ ನೋಡಿಕೊಳ್ಳಬೇಕು.

ಆಮೇಲೆ ಎದ್ದು ಹೊರಡಿ. ನೀವಿಲ್ಲದ ಕೋಣೆಯಲ್ಲಿ ಅವರು ಮಾತಾಡಿಕೊಳ್ಳಬೇಕು. ಎರಡು ಭೇಟಿಗಳ ನಡುವೆ ಕನಿಷ್ಠ ಒಂದು ತಿಂಗಳು ಬಿಡಿ; ಮೀನಿನ ಹಂಗಾಮು, ವಲಸೆಯ ಕಾಲ ಅಡ್ಡ ಬಂದರೆ ಇನ್ನೂ ಹೆಚ್ಚು. ಹೆಂಗಸರ ಸಭೆಯನ್ನು ಬೇರೆಯಾಗಿ, ಅವರು ಹೇಳಿದ ಹೊತ್ತಿನಲ್ಲಿ ಮಾಡಿ. ಬೆಳಗ್ಗೆ ಹತ್ತಕ್ಕೆ ಇಳಿತವಿದ್ದರೆ ಆ ಬಯಲನ್ನು ಚೆನ್ನಾಗಿ ಬಲ್ಲವರು ನಿಮ್ಮ ಸಭೆಯಲ್ಲಿರುವುದಿಲ್ಲ, ಬಯಲಿನಲ್ಲಿರುತ್ತಾರೆ. ಅಧಿಕಾರಿಗಳ ಎದುರು ಕೈ ಎತ್ತಿಸಬೇಡಿ.

ಒಪ್ಪಿದರೆ ಅದನ್ನು ನಡಾವಳಿಯಾಗಿ ಬರೆಯಿರಿ: ಯಾವ ಜಾಗ, ಯಾವ ಕೆಲಸ, ಎಷ್ಟು ವರ್ಷ, ಯಾವ ಷರತ್ತು, ಯಾರ ವಿರೋಧ ಯಾಕೆ, ತಕರಾರು ಯಾರಿಗೆ ಕೊಡುವುದು, ಒಪ್ಪಿಗೆ ಹಿಂಪಡೆಯುವುದು ಹೇಗೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ತಿದ್ದಿ, ಆಮೇಲೆ ಸಹಿ. ಮೂಲ ಪ್ರತಿ ಅವರ ಬಳಿ, ನಕಲು ನಿಮ್ಮ ಬಳಿ. ಜಾಗ ಬದಲಾದರೆ, ಅವಧಿ ಹೆಚ್ಚಾದರೆ, ಕಾರ್ಬನ್ ಮಾರಾಟದಂಥ (ಕಾಡು ಹೀರಿದ ಇಂಗಾಲದ ಲೆಕ್ಕವನ್ನು ಮಾರುವುದು) ಹೊಸ ಬಾಬತ್ತು ಸೇರಿದರೆ ಮತ್ತೆ ಕೇಳಬೇಕು.

‘ಬೇಡ’ ಎಂಬ ಉತ್ತರ ನಿಲ್ಲುವ ಕಡೆ ಮಾತ್ರ ‘ಆಗಲಿ’ ಎಂಬುದಕ್ಕೆ ಬೆಲೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ವಿಷಯವನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಭಾರತದ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಅದೇ ವರ್ಷ ನಡೆದ 12 ಸಭೆಗಳೂ ಬೇಡ ಎಂದವು. 2014ರಲ್ಲಿ ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿತು. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಾಡಿಗಳಿರುವಾಗ 12ನ್ನು ಆರಿಸಿದ್ದು ರಾಜ್ಯ ಸರ್ಕಾರ, ಅದಕ್ಕೆ ಆಕ್ಷೇಪವೂ ಬಂದಿತ್ತು. ಯಾರನ್ನು ಕೇಳಬೇಕು ಎಂದು ಯಾರು ನಿರ್ಧರಿಸಿದರು ಎಂಬುದನ್ನೂ ನಿಮ್ಮ ದಾಖಲೆಯಲ್ಲಿ ಬರೆಯಿರಿ.

ಪ್ರಶ್ನೆ: ‘ಜಗತ್ತಿನ ಶೇ 80ರಷ್ಟು ಜೀವವೈವಿಧ್ಯವನ್ನು ಮೂಲನಿವಾಸಿಗಳೇ ಕಾಪಾಡಿದ್ದಾರೆ’ ಎಂದು ಭಿತ್ತಿಪತ್ರದಲ್ಲಿ ಹಾಕಬಹುದೆ?

ಬೇಡ. ಆ ಅಂಕಿಗೆ ಬುಡವಿಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಂಶೋಧಕರು ಬಿಡಿಸಿ ಬರೆದರು. ಬರೆದವರಲ್ಲಿ ಮೂಲನಿವಾಸಿ ವಿದ್ವಾಂಸರೂ ಇದ್ದರು. ಜೀವವೈವಿಧ್ಯ ಧಾನ್ಯದ ರಾಶಿಯಂತೆ ಅಳೆದು ಶೇಕಡಾವಾರು ಹಂಚುವ ವಸ್ತುವಲ್ಲ, ಜೀವಜಾತಿಗಳಲ್ಲಿ ಬಹುಪಾಲಿಗೆ ಇನ್ನೂ ಹೆಸರೇ ಇಟ್ಟಿಲ್ಲ. ಸುಳ್ಳು ಅಂಕಿಯಿಂದ ಪೆಟ್ಟು ಬೀಳುವುದು ಅವರ ವಾದಕ್ಕೇ. ಅದರ ಬದಲು 2018ರ ಅಧ್ಯಯನವೊಂದರ ಲೆಕ್ಕ ಬಳಸಿ: 87 ದೇಶಗಳಲ್ಲಿ ಕನಿಷ್ಠ 3.8 ಕೋಟಿ ಚದರ ಕಿ.ಮೀ. ನೆಲ ಮೂಲನಿವಾಸಿಗಳ ನಿರ್ವಹಣೆಯಲ್ಲಿದೆ ಅಥವಾ ಅವರ ಹಕ್ಕಿನಲ್ಲಿದೆ, ನೆಲದ ಮೇಲಿನ ಸಂರಕ್ಷಿತ ಪ್ರದೇಶಗಳ ಸುಮಾರು ಶೇ 40 ಅದರೊಳಗೆ ಬರುತ್ತದೆ. ಭಿತ್ತಿಪತ್ರಕ್ಕೆ ಇದೇ ಧಾರಾಳ.

ಪ್ರಶ್ನೆ: ಹಿರಿಯರ ಜೊತೆ ಗಿಡಮೂಲಿಕೆ, ಮಳೆಯ ಸೂಚನೆ, ಬೀಜಗಳ ತಿಳಿವಳಿಕೆ ಮಣ್ಣಾಗಿ ಹೋಗುತ್ತಿದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಬೇಕೆಂದಿದ್ದೇವೆ. ಏನೇನು ಎಚ್ಚರ ಬೇಕು?

ರೆಕಾರ್ಡ್ ಮಾಡುವುದು ಒಂದು ತೀರ್ಮಾನ, ಎಲ್ಲರಿಗೂ ಸಿಗುವಂತೆ ಮಾಡುವುದು ಇನ್ನೊಂದು. ನೀವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ, ಅಪಾಯ ಇರುವುದೂ ಅಲ್ಲೇ.

ಬರೆದಿಡುವುದು ಎರಡಲಗಿನ ಕತ್ತಿ. ಗಾಯ ಮಾಯಿಸಲು ಅರಿಸಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಅಲ್ಲಿ ಬರಹ ಕಾಪಾಡಿತು. ಇನ್ನೊಂದು ಕಡೆ, ದಕ್ಷಿಣ ಆಫ್ರಿಕಾದ ಸಾನ್ ಜನ ಬೇಟೆಗೆ ಹೋದಾಗ ಹಸಿವು ಅಡಗಿಸಲು ಜಗಿಯುತ್ತಿದ್ದ ಹೂಡಿಯಾ ಗಿಡದ ಸತ್ವಕ್ಕೆ ಆ ದೇಶದ ಸರ್ಕಾರಿ ಸಂಶೋಧನಾ ಸಂಸ್ಥೆಯೇ ಅವರನ್ನು ಕೇಳದೆ ಪೇಟೆಂಟ್ ಪಡೆಯಿತು. ಗಿಡದ ಈ ಗುಣ ಸಂಶೋಧಕರಿಗೆ ತಿಳಿದದ್ದು ಹಿಂದಿನವರು ಸಾನ್ ಜನರಿಂದ ಕೇಳಿ ಬರೆದಿಟ್ಟದ್ದರಿಂದ. ಗದ್ದಲವಾದ ಮೇಲೆ 2003ರಲ್ಲಿ ಒಪ್ಪಂದವಾಗಿ ರಾಯಧನದ ಶೇ 6 ಸಾನ್ ಜನರಿಗೆ ಎಂದಾಯಿತು. ಕಂಪನಿಗಳು ಒಂದೊಂದಾಗಿ ಕೈಬಿಟ್ಟವು, ಶೇ 6 ಕಾಗದದ ಮೇಲೆಯೇ ಹೆಚ್ಚಾಗಿ ಉಳಿಯಿತು.

ಕೆಲಸಕ್ಕೆ ಇಳಿಯುವ ಮೊದಲು ಸಮುದಾಯದವರೇ ಕೂತು ತಿಳಿವಳಿಕೆಯನ್ನು ಮೂರು ಗಂಟು ಕಟ್ಟಲಿ. ಎಲ್ಲರಿಗೂ ಹೇಳಬಹುದಾದದ್ದು, ತಮ್ಮವರಿಗೆ ಮಾತ್ರ, ಇಂಥವರು ಇಂಥ ಕಾಲದಲ್ಲಿ ಮಾತ್ರ ಹೇಳುವಂಥದ್ದು. ಮೂರನೆಯದನ್ನು ರೆಕಾರ್ಡ್ ಮಾಡದೇ ಇರುವುದು ಒಳ್ಳೆಯದು. ‘ಎಲ್ಲದಕ್ಕೂ ಒಪ್ಪಿದ್ದೇನೆ’ ಎಂಬ ಒಂದೇ ಫಾರಂ ತುಂಬಿಸಬೇಡಿ. ಒಂದೊಂದು ಧ್ವನಿಮುದ್ರಿಕೆಗೂ ಕೊನೆಯಲ್ಲಿ ಬಾಯಿಮಾತಿನಲ್ಲೇ ಕೇಳಿ, ಉತ್ತರವೂ ಅದರಲ್ಲೇ ದಾಖಲಾಗಲಿ. ಹೇಳಿದವರ ಹೆಸರು ಹಾಕುವುದೋ ಬಿಡುವುದೋ, ಅವರು ತೀರಿಕೊಂಡ ಮೇಲೆ ಧ್ವನಿ ಕೇಳಿಸಬಹುದೋ ಬೇಡವೋ ಎಂಬುದನ್ನು ಆಗಲೇ ವಿಚಾರಿಸಿ. ಆಸ್ಟ್ರೇಲಿಯಾದ ಹಲವು ಸಮುದಾಯಗಳಲ್ಲಿ ಸತ್ತವರ ಧ್ವನಿ ಕೇಳಿಸುವುದು, ಚಿತ್ರ ತೋರಿಸುವುದು ದೊಡ್ಡ ನೋವಿನ ವಿಷಯ.

ಎಲ್ಲರೂ ಮರೆಯುವುದು ಮೊಬೈಲನ್ನು. ಗಿಡದ ಫೋಟೊ ತೆಗೆದರೆ ಚಿತ್ರದ ಕಡತದೊಳಗೆ ಅಕ್ಷಾಂಶ, ರೇಖಾಂಶವೂ ಕೂತಿರುತ್ತವೆ. ಅದನ್ನು ಹಾಗೇ ಹಾಕಿದರೆ ಬೆಲೆಬಾಳುವ ಬೇರು ಎಲ್ಲಿದೆ ಎಂದು ಕೀಳುವವರಿಗೆ ದಾರಿ ತೋರಿಸಿದಂತೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಸ್ಥಳ ಗುರುತಿಸುವುದನ್ನು ಮೊದಲೇ ನಿಲ್ಲಿಸಿ, ಹೊರಗೆ ಹಾಕುವ ನಕ್ಷೆಯಲ್ಲಿ ಚುಕ್ಕಿಯ ಬದಲು ಹತ್ತು ಕಿ.ಮೀ. ಅಗಲದ ಚೌಕ ತೋರಿಸಿ. ಮೂಲ ಕಡತಗಳು ಸಮುದಾಯದ ಕೈಯಲ್ಲಿರುವ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇರಲಿ, ಪಾಸ್‌ವರ್ಡ್ ಅವರದ್ದೇ ಇರಲಿ. ಮೂಲನಿವಾಸಿ ದತ್ತಾಂಶದ ಬಗ್ಗೆ 2019ರಲ್ಲಿ ರೂಪುಗೊಂಡ ‘ಕೇರ್’ ತತ್ವಗಳು ಹೇಳುವುದೂ ಇಷ್ಟೇ: ಲಾಭ ಸಮುದಾಯಕ್ಕೆ, ಹಿಡಿತ ಸಮುದಾಯದ್ದು, ಹೊಣೆ ಮತ್ತು ನೈತಿಕತೆ ಬಳಸುವವರದ್ದು. 2024ರ ಮೇ ತಿಂಗಳಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಪ್ಪಿತವಾದ ಒಪ್ಪಂದ, ಪಾರಂಪರಿಕ ತಿಳಿವಳಿಕೆ ಎಲ್ಲಿಂದ ಬಂತೆಂದು ಪೇಟೆಂಟ್ ಅರ್ಜಿಯಲ್ಲೇ ಹೇಳಬೇಕು ಎನ್ನುತ್ತದೆ. ಹೇಳಬೇಕು ಎನ್ನುತ್ತದೆ, ಲಾಭ ಹಂಚಬೇಕು ಎನ್ನುವುದಿಲ್ಲ.

ಪ್ರಶ್ನೆ: ಪಾರಂಪರಿಕ ಜ್ಞಾನ ಎಂದ ಕೂಡಲೇ ಎಲ್ಲವನ್ನೂ ನಂಬಬೇಕೆ? ವಿಜ್ಞಾನದ ಪರೀಕ್ಷೆ ಬೇಡವೆ?

ಪರೀಕ್ಷೆ ಬೇಕು, ಎರಡೂ ಕಡೆಗೆ. ಅಲಾಸ್ಕಾದ ಬೋಹೆಡ್ ತಿಮಿಂಗಿಲಗಳ ಲೆಕ್ಕ ನೋಡಿ. 1970ರ ದಶಕದಲ್ಲಿ ವಿಜ್ಞಾನಿಗಳು ದಡದ ಹಿಮದ ಅಂಚಿನಲ್ಲಿ ನಿಂತು, ಬಿರುಕಿನ ನೀರಿನಲ್ಲಿ ಕಣ್ಣಿಗೆ ಬಿದ್ದಷ್ಟನ್ನು ಎಣಿಸಿ, ಒಂದೆರಡು ಸಾವಿರವೂ ಇಲ್ಲ ಎಂದರು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1977ರಲ್ಲಿ ಅಲ್ಲಿನ ಮೂಲನಿವಾಸಿ ಇನ್ಯೂಪಿಯಾಟ್ ಜನರ ಬೇಟೆಯನ್ನೇ ನಿಲ್ಲಿಸಲು ಹೊರಟಿತು. ‘ನೀವು ದಡದ ಹತ್ತಿರದ್ದನ್ನಷ್ಟೇ ಎಣಿಸಿದ್ದೀರಿ, ಅವು ದೂರದಲ್ಲೂ, ಹಿಮದ ಅಡಿಯಲ್ಲೂ ಹೋಗುತ್ತವೆ, ತೆಳು ಹಿಮವನ್ನು ತಲೆಯಿಂದ ಒಡೆದು ಉಸಿರಾಡುತ್ತವೆ’ ಎಂಬುದು ಬೇಟೆಗಾರರ ವಾದ. ಇದು ನಂಬಿಕೆಯ ಮಾತಲ್ಲ, ಎಣಿಕೆಯ ವಿಧಾನದ ಮೇಲಿನ ಆಕ್ಷೇಪ. 1980ರ ದಶಕದಲ್ಲಿ ನೀರಿನೊಳಗೆ ಮೈಕ್ ಇಳಿಬಿಟ್ಟು ಕೇಳಿದಾಗ ಕಾಣದ ತಿಮಿಂಗಿಲಗಳ ದನಿ ಸಿಕ್ಕಿತು. 1990ರ ದಶಕದ ಹೊತ್ತಿಗೆ ಅಂದಾಜು ಎಂಟು ಸಾವಿರದ ಆಸುಪಾಸಿಗೆ ಬಂತು. ನಡುವೆ ಸಂತತಿಯೂ ಹೆಚ್ಚಿರಬಹುದು, ಆದರೆ ಮೊದಲ ಲೆಕ್ಕ ತೀರಾ ಕಡಿಮೆಯಿತ್ತು ಎಂಬುದರಲ್ಲಿ ತಕರಾರಿಲ್ಲ. ಈ ಎಣಿಕೆಯಲ್ಲಿ ಅಲ್ಲಿನ ಸ್ಥಳೀಯ ಆಡಳಿತವೇ ಮುಂದೆ ನಿಂತಿತ್ತು ಎಂಬುದನ್ನೂ ಗಮನಿಸಿ.

ಇನ್ನೊಂದು ಉದಾಹರಣೆ ಬೆಂಕಿಯದು. ಉತ್ತರ ಆಸ್ಟ್ರೇಲಿಯಾದ ಆರ್ನಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳು ಒಣಗಾಲದ ಆರಂಭದಲ್ಲೇ, ಅಂದರೆ ಏಪ್ರಿಲ್‌ನಿಂದ ಜುಲೈ ಒಳಗೆ, ಹುಲ್ಲಿಗೆ ತುಂಡು ತುಂಡಾಗಿ ಬೆಂಕಿ ಇಡುತ್ತಾರೆ. ಬುಡದಲ್ಲಿ ಇನ್ನೂ ಹಸಿ ಇರುತ್ತದೆ, ರಾತ್ರಿಯ ಇಬ್ಬನಿಗೆ ಬೆಂಕಿ ತಾನೇ ಆರುತ್ತದೆ, ಮರದ ತಲೆ ಸುಡುವುದಿಲ್ಲ. ಜನರನ್ನು ಅಲ್ಲಿಂದ ಎಬ್ಬಿಸಿದ ಕಾಲದಲ್ಲಿ ಈ ಕೆಲಸ ನಿಂತು, ಆಗಸ್ಟ್ ನಂತರದ ಬಿಸಿಗಾಳಿಯಲ್ಲಿ ದೊಡ್ಡ ಕಿಚ್ಚು ಹೆಚ್ಚಾಯಿತು. 2006ರಲ್ಲಿ ಶುರುವಾದ ಪಶ್ಚಿಮ ಆರ್ನಮ್ ಲ್ಯಾಂಡ್ ಯೋಜನೆಯಲ್ಲಿ ಹಳೆಯ ಕ್ರಮವನ್ನು ಮತ್ತೆ ತಂದು, ದೊಡ್ಡ ಕಿಚ್ಚು ಇಳಿದು ತಗ್ಗಿದ ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಹಣ ಪಡೆಯಲಾಯಿತು. ಆಗ ಲೆಕ್ಕಕ್ಕೆ ಹಿಡಿದದ್ದು ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ. ಸುಟ್ಟಾಗ ಹೊರಟ ಇಂಗಾಲದ ಡೈಆಕ್ಸೈಡನ್ನು ಮುಂದಿನ ಮಳೆಯ ಹುಲ್ಲು ಹೀರಿಕೊಳ್ಳುತ್ತದೆ ಎಂದು ಬಿಟ್ಟರು.

ಇಲ್ಲಿ ಕೆಡುವುದು ನಕಲಿನಲ್ಲಿ. ತಿಂಗಳ ಪಟ್ಟಿಯನ್ನು ಎತ್ತಿಕೊಂಡು ಬೇರೆ ನೆಲದಲ್ಲಿ ಬೆಂಕಿ ಇಟ್ಟರೆ ಅದು ಜ್ಞಾನವಲ್ಲ. ಅಲ್ಲಿನವರು ನೋಡುವುದು ತಾರೀಖನ್ನಲ್ಲ. ಹುಲ್ಲಿನ ಬಣ್ಣ, ಗಾಳಿಯ ದಿಕ್ಕು, ಹಿಂದಿನ ವರ್ಷ ಸುಟ್ಟ ತುಂಡು ಯಾವುದು ಎಂಬುದನ್ನು. ಜುಲೈ ಕೊನೆಯೊಳಗೆ ಸುಟ್ಟರೆ ಮಾತ್ರ ಲಾಭ ಎಂಬ ನಿಯಮ ಬಂದಾಗ ಹೆಲಿಕಾಪ್ಟರಿನಿಂದ ಕಿಡಿ ಉದುರಿಸಿ ಲೆಕ್ಕ ತುಂಬಿಸುವ ಆಸೆಯೂ ಬರುತ್ತದೆ. ಹಾಗಾದಾಗ ನೆಲದ ಮೇಲೆ ನಡೆದು ಸುಡುವವರು ಬೇಕಾಗುವುದೇ ಇಲ್ಲ.

ಪ್ರಶ್ನೆ: ಗಾಳಿಯಂತ್ರದಿಂದ ಶುದ್ಧ ವಿದ್ಯುತ್ ಬರುವಾಗ ಅದಕ್ಕೂ ವಿರೋಧವೇಕೆ?

ಯಂತ್ರಕ್ಕೆ ವಿರೋಧವಲ್ಲ, ಜಾಗಕ್ಕೆ. ನಾರ್ವೆಯ ಫೋಸೆನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವ ಗುಡ್ಡಗಳ ಮೇಲೆ 151 ಗಾಳಿಯಂತ್ರ ನಿಲ್ಲಿಸಿದರು. ಹಿಮಸಾರಂಗಗಳು ಅವುಗಳ ಹತ್ತಿರ ಸುಳಿಯುವುದಿಲ್ಲ. ಚಳಿಗಾಲದ ಮೇವು ತಪ್ಪಿದರೆ ಹಿಂಡು ಉಳಿಯುವುದಿಲ್ಲ. 2021ರ ಅಕ್ಟೋಬರ್ 11ರಂದು ಅಲ್ಲಿನ ಸುಪ್ರೀಂ ಕೋರ್ಟ್, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿಯ (ಅಲ್ಪಸಂಖ್ಯಾತರು ತಮ್ಮ ಸಂಸ್ಕೃತಿಯಂತೆ ಬಾಳುವ ಹಕ್ಕು) ಉಲ್ಲಂಘನೆಯಾಗಿದೆ, ಅನುಮತಿ ಅಸಿಂಧು ಎಂದು ಒಮ್ಮತದಿಂದ ಹೇಳಿತು. ಆದರೂ ರೆಕ್ಕೆಗಳು ತಿರುಗುತ್ತಲೇ ಇದ್ದವು, 2023ರಲ್ಲಿ ಸಾಮಿ ಯುವಕರು ಓಸ್ಲೋದ ಸಚಿವಾಲಯಗಳ ಬಾಗಿಲಲ್ಲಿ ಕೂತರು. 2023ರ ಡಿಸೆಂಬರ್‌ನಲ್ಲಿ ಒಂದು ಗುಂಪಿನ ಜೊತೆ, 2024ರ ಮಾರ್ಚ್‌ನಲ್ಲಿ ಇನ್ನೊಂದರ ಜೊತೆ ರಾಜಿಯಾಯಿತು. ಕಟ್ಟಿದ ಮೇಲೆ ಗೆದ್ದರೆ ಸಿಗುವುದು ಪರಿಹಾರ, ಗುಡ್ಡವಲ್ಲ. ಮೇಯುವ ದಾರಿಗಳ ನಕ್ಷೆಯನ್ನು ಕುರುಬರ ಜೊತೆ ಕನಿಷ್ಠ ನಾಲ್ಕೂ ಋತುಗಳಲ್ಲಿ ನಡೆದು ಮಾಡಬೇಕು. ಬೇಸಿಗೆಯಲ್ಲಿ ಸಮೀಕ್ಷೆಗೆ ಹೋದವರಿಗೆ ಚಳಿಗಾಲದ ಮೇವು ಖಾಲಿ ಗುಡ್ಡವಾಗಿಯೇ ಕಾಣುವುದು.

ಪ್ರಶ್ನೆ: ಹವಾಮಾನದ ಹಣ ಇಂಥ ಸಮುದಾಯಗಳಿಗೆ ನೇರವಾಗಿ ತಲುಪುತ್ತದೆಯೆ?

ತೀರಾ ಕಡಿಮೆ. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಕೆಲವು ಸರ್ಕಾರಗಳೂ ಪ್ರತಿಷ್ಠಾನಗಳೂ ಸೇರಿ ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳ ಭೂಹಕ್ಕಿಗೆ 170 ಕೋಟಿ ಡಾಲರ್ ಘೋಷಿಸಿದವು. ಮೊದಲ ವರ್ಷ ಕೊಟ್ಟದ್ದರಲ್ಲಿ ಅವರದೇ ಸಂಘಟನೆಗಳಿಗೆ ನೇರ ಹೋದದ್ದು ಶೇ 7 ಎಂದು ದಾನಿಗಳ ವರದಿಯೇ ಹೇಳಿತು. ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್, ಪರಭಾಷೆಯ ಅರ್ಜಿ, ಕನಿಷ್ಠ ಅನುದಾನದ ದೊಡ್ಡ ಮಿತಿ: ಜರಡಿಯ ಕಣ್ಣುಗಳು ಇವು.

ಪ್ರಶ್ನೆ: ನಮ್ಮ ಕಾಡಿಗೆ ಕಾರ್ಬನ್ ಕ್ರೆಡಿಟ್ ಕಂಪನಿಯವರು ಬಂದಿದ್ದಾರೆ. 40 ವರ್ಷದ ಕರಾರು, ‘ಲಾಭದ ಶೇ 60 ನಿಮಗೆ’ ಎನ್ನುತ್ತಾರೆ. ಸಹಿ ಹಾಕಬಹುದೆ?

‘ಲಾಭ’ ಎಂಬ ಪದದ ಮೇಲೆ ಬೆರಳಿಡಿ. ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಕ್ರೆಡಿಟ್ ಎಂದರೆ ಕಾಡು ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡಿನ ಲೆಕ್ಕ. ವರ್ಷಕ್ಕೆ 10,000 ಕ್ರೆಡಿಟ್ ಹುಟ್ಟಿತು ಎನ್ನಿ. ಮುಂದೆ ಬೆಂಕಿಯೋ ಕೀಟವೋ ಕಾಡು ತಿಂದರೆ ತುಂಬಿಕೊಡಲೆಂದು ಶೇ 20 ಮೀಸಲಿಗೆ ಹೋಯಿತು. ಮಾರಲು ಉಳಿದದ್ದು 8,000. ತಲಾ 8 ಡಾಲರಿನಂತೆ 64,000. ಅಳತೆ, ತಪಾಸಣೆ, ನೋಂದಣಿ, ಮಾರಾಟದ ಖರ್ಚೆಂದು ಕಂಪನಿ 40,000 ಕಳೆಯಿತು. ಉಳಿದ 24,000ದಲ್ಲಿ ಶೇ 60 ಎಂದರೆ ನಿಮಗೆ 14,400. ಒಟ್ಟು ಮಾರಾಟದ ಶೇ 22.5. ಖರ್ಚು ಬರೆಯುವವರು ಅವರೇ ಆದ್ದರಿಂದ ಅದು ಸೊನ್ನೆಯೂ ಆಗಬಹುದು. ಆದ್ದರಿಂದ ಪಾಲನ್ನು ಲಾಭದ ಮೇಲೆ ಕೇಳಬೇಡಿ, ಒಟ್ಟು ಮಾರಾಟದ ಮೇಲೆ ಕೇಳಿ; ಮಾರಾಟವಾಗಲಿ ಬಿಡಲಿ, ವರ್ಷಕ್ಕೆ ಇಂತಿಷ್ಟು ಬರಲೇಬೇಕು ಎಂಬ ಕನಿಷ್ಠ ಮೊತ್ತವನ್ನೂ ಬರೆಸಿ. ಪ್ರತಿ ಮಾರಾಟದ ದರ, ಕೊಂಡವರ ಹೆಸರು ನಿಮಗೆ ತಿಳಿಸಬೇಕು.

40 ವರ್ಷವೆಂದರೆ ಈಗ ಹುಟ್ಟದವರ ಪರವಾಗಿಯೂ ಸಹಿ ಹಾಕಿದಂತೆ. ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ, ದಂಡವಿಲ್ಲದೆ ಹೊರಬರುವ ದಾರಿ ಇರಲಿ. ಯಾವ ಕೆಲಸಕ್ಕೆ ತಡೆ ಎಂಬುದನ್ನು ಹೆಸರಿಸಿ ಬರೆಸಿ. ‘ಕಾಡಿಗೆ ಧಕ್ಕೆ ತರುವ ಚಟುವಟಿಕೆ’ ಎಂಬ ಅಗಲ ಪದ ಬಿಟ್ಟರೆ ನಾಳೆ ಸೌದೆ, ಜೇನು, ಮೇವು ಎಲ್ಲವೂ ಅದರಡಿ ಬರುತ್ತವೆ. ಬೆಂಕಿಯಿಂದ ಕಾಡು ಹೋದರೆ ನಷ್ಟ ಯಾರ ಮೇಲೆ, ಕರಾರನ್ನು ಬೇರೆ ಕಂಪನಿಗೆ ಮಾರುವಾಗ ನಿಮ್ಮ ಒಪ್ಪಿಗೆ ಬೇಕೋ ಬೇಡವೋ, ಅಳತೆಯ ದತ್ತಾಂಶ ಯಾರದ್ದು, ಈ ಮೂರೂ ಸ್ಪಷ್ಟವಾಗಿರಬೇಕು. ಕೊನೆಯ ಪುಟದ ಸಣ್ಣ ಅಕ್ಷರವನ್ನು ಮೊದಲು ಓದಿ. ವ್ಯಾಜ್ಯ ಬಂದರೆ ಯಾವ ದೇಶದ, ಯಾವ ಊರಿನ ನ್ಯಾಯಾಲಯಕ್ಕೆ, ಯಾವ ಭಾಷೆಯಲ್ಲಿ ಎಂದು ಅಲ್ಲಿರುತ್ತದೆ. ನೀವು ಹೋಗಲಾರದ ಊರಾದರೆ ಉಳಿದ ಷರತ್ತುಗಳು ಇದ್ದೂ ಇಲ್ಲದಂತೆ. ವಕೀಲರ ಶುಲ್ಕವನ್ನು ಕಂಪನಿಯೇ ಕೊಡಲಿ, ವಕೀಲರನ್ನು ಆರಿಸುವವರು ನೀವಾಗಿರಿ. ಕರಡನ್ನು ಮನೆಗೆ ಒಯ್ಯಲು ಬಿಡದೆ ಇಲ್ಲೇ ಸಹಿ ಹಾಕಿ ಎಂದರೆ ಅವತ್ತಿಗೆ ಸಭೆ ಮುಗಿಸಿ.